ಗಂಡನಿಗೆ ಆಟದ ಹುಚ್ಚು, ನನಗೆ ಹಟ್ಟಿ ಕೆಲಸ

ಅಕ್ಕಾ, ನನಗೆ 41 ವರ್ಷ. ಕಾಸರಗೋಡಿನ ಪೆರ್ಲದ ಹತ್ತಿರ ಮನೆ. ಒಂದೂವರೆ ಎಕ್ರೆ ಅಡಕೆ ತೋಟ, ಹಟ್ಟಿಯಲ್ಲಿ ಎರಡು ದನ, ಅತ್ತೆ, ಇಬ್ಬರು ಮಕ್ಕಳು. ನಮ್ಮನೆಯವರು ಕೆಲಸದ ಜೊತೆಗೆ ಹವ್ಯಾಸಿ ಯಕ್ಷಗಾನ ವೇಷಧಾರಿ. ಕುಡಿತ ಇಲ್ಲ, ಜಗಳ ಇಲ್ಲ. ಆದರೆ ದೀಪಾವಳಿ ಕಳೆದರೆ ವಾರಕ್ಕೆ ಮೂರು ರಾತ್ರಿ ಆಟ. ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮುಗಿಯಿತು ಅಂದುಕೊಂಡರೆ, ಮಳೆಗಾಲಕ್ಕೆ ವೇಷ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆ. ಕಳೆದ ತಿಂಗಳು ಮೊಬೈಲ್ ಮರೆತು ಹೋಗಿದ್ದರು ಅಂತ ಕೊಡಲು ವೇಷ ಕಟ್ಟುವ ಚೌಕಿಗೆ ಹೋದೆ. ಕನ್ನಡಿ ಹಿಡಿದುಕೊಂಡು ಮುಖಕ್ಕೆ ಚುಟ್ಟಿ ಇಡುತ್ತಿದ್ದರು. ನಾನು ಬಂದು ನಿಂತದ್ದು ಗೊತ್ತೇ ಆಗಲಿಲ್ಲ. ಹದಿನೇಳು ವರ್ಷದಲ್ಲಿ ಅವರ ಆ ಮುಖ ನಾನು ನೋಡಿರಲಿಲ್ಲ. ಹೊಟ್ಟೆ ಉರಿಯಿತು ಅಕ್ಕಾ. ಇವರಿಗೆ ಬದುಕಲು ಒಂದು ಹುಚ್ಚಾದರೂ ಇದೆ, ನನಗೆ ಏನೂ ಇಲ್ಲ. ಹೋದ ವರ್ಷ ವಿಲೇಜ್ ಆಫೀಸಿನ ಕಾಗದ ಓದಲಿಕ್ಕೆ ಅಂತ ಮಗಳ ಹತ್ತಿರ ಮಲಯಾಳ ಅಕ್ಷರ ಕಲಿತೆ, ಅಷ್ಟೆ, ನಗಬೇಡಿ. ಆಟ ಬಿಡಿ ಅಂತ ಹೇಳಲಾ? ಇಲ್ಲ ನಾನೂ ಏನಾದರೂ ಹವ್ಯಾಸ ಹಿಡಿಯಲಾ? ಏನು ಹಿಡಿಯಲಿ?

ನಗಲಿಲ್ಲ. ಗಂಡನಿಗೆ ಇನ್ನೊಬ್ಬಳಿದ್ದಾಳೆ ಅಂತ ಸಂಶಯಪಟ್ಟವರ ಪತ್ರ ನನಗೆ ಬೇಕಾದಷ್ಟು ಬರುತ್ತದೆ. ಚುಟ್ಟಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವರು ನೀವೇ ಮೊದಲು.

ಆಟ ಬಿಡಿ ಅಂತ ಮಾತ್ರ ಹೇಳಬೇಡಿ. ಬಿಟ್ಟರೂ ಬಿಟ್ಟಾರು, ನಿಮ್ಮವರು ಒಳ್ಳೆಯವರ ಹಾಗೆ ಕಾಣುತ್ತಾರೆ. ಆಮೇಲೆ ಜಗಲಿಯಲ್ಲಿ ಮೊಬೈಲ್ ಉಜ್ಜುತ್ತಾ ಕೂರುತ್ತಾರೆ, ದೂರದಲ್ಲಿ ಎಲ್ಲೋ ಚೆಂಡೆ ಕೇಳಿದರೆ ಮುಖ ಊದಿಸಿಕೊಳ್ಳುತ್ತಾರೆ, ನಿಮಗೆ ಆ ಮುಖವೂ ಇಲ್ಲ, ಹಟ್ಟಿಗೆ ಒಂದು ಕೈಯೂ ಜಾಸ್ತಿ ಇಲ್ಲ.

ಆ ಚುಟ್ಟಿಯನ್ನೇ ಸ್ವಲ್ಪ ನೋಡಿ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಕಡ್ಡಿಯ ತುದಿಯಲ್ಲಿ ಒಂದೊಂದೇ ಮುಳ್ಳಿನ ಹಾಗೆ ಮುಖದ ಮೇಲೆ ಎಬ್ಬಿಸುತ್ತಾ ಹೋಗಬೇಕು. ಒಂದು ಸಾಲು ಕೊಂಚ ಒಣಗಬೇಕು, ಮತ್ತೆ ಅದರ ಪಕ್ಕ ಇನ್ನೊಂದು. ರಾಕ್ಷಸರ ಬಣ್ಣದ ವೇಷಕ್ಕೆ ಗಂಟೆಗಟ್ಟಲೆ ಹೀಗೆ ಕೂತಿರಬೇಕು, ನಡುವೆ ಯಾರಾದರೂ ಮಾತಾಡಿಸಿ ನಗಿಸಿದರೂ ಕಷ್ಟ. ನೀವು ಕಂಡದ್ದು ಅಷ್ಟು ಹೊತ್ತು ಯಾರೂ ಕರೆಯದೆ ಬಿಟ್ಟ ಮನುಷ್ಯನ ಮುಖ. ಹದಿನೇಳು ವರ್ಷದಲ್ಲಿ ನಿಮ್ಮನ್ನು ಯಾರೂ ಕರೆಯದೆ ಒಂದು ಗಂಟೆ ಬಿಟ್ಟದ್ದುಂಟಾ?

ಆ ಹೊತ್ತು ಅವರಿಗೆ ಕೊಟ್ಟದ್ದು ನೀವು. ಅವರು ಬೆಳಗ್ಗೆ ಬಂದು ಮಲಗುವಾಗ ದನ ಕರೆದು ಆಗಿರುತ್ತದೆ, ತೋಟದ ಗೇಟ್‌ವಾಲ್ವ್ ತಿರುಗಿಸಿ ಆಗಿರುತ್ತದೆ, ಅತ್ತೆಯ ಮಾತ್ರೆ, ಮಕ್ಕಳ ಬುತ್ತಿ, ಎಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಗಾಳಿಯೇ ಹಾಗೆ, ಆಟದ ಹುಚ್ಚು ಯಾರಿಗೆ ಬೇಕಾದರೂ ಹಿಡಿದೀತು. ಆದರೆ ಹಿಡಿಯಲಿಕ್ಕೆ ಒಂದು ರಾತ್ರಿ ಬಿಡುವಾದರೂ ಇರಬೇಕಲ್ಲ ಮಾರಾಯ್ರೆ.

ನನ್ನ ಅಪ್ಪ ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದರು. ನಮ್ಮ ಚಾವಡಿಯಲ್ಲೇ ಎಷ್ಟೋ ಸಲ ಕೂಟ ಆಗುತ್ತಿತ್ತು. ನಡುರಾತ್ರಿ ಹನ್ನೆರಡು ಮಂದಿಗೆ ಅವಲಕ್ಕಿ, ಕಾಫಿ ಮಾಡುವುದು ಅಮ್ಮ. ಅಪ್ಪ ಹೋದಮೇಲೆ ಒಂದು ದಿನ ನಾನು ಮೊಬೈಲಿನಲ್ಲಿ ವಾಲಿವಧೆ ಪ್ರಸಂಗ ಹಾಕಿದ್ದೆ. ಅಮ್ಮ ಬೀನ್ಸ್ ಹೆಚ್ಚುತ್ತಾ ವಾಲಿಯ ಮಾತನ್ನು ಅವನಿಗಿಂತ ಮೊದಲೇ ಹೇಳತೊಡಗಿದಳು. ತಲೆ ಎತ್ತಲಿಲ್ಲ, ಕತ್ತಿ ನಿಲ್ಲಲಿಲ್ಲ. ಪೂರ್ತಿ ಬಾಯಿಪಾಠ. ಅಡುಗೆಮನೆಯಿಂದಲೇ ಕೇಳಿ ಕಲಿತದ್ದು. ನಮಗೆ ಅದು ಗೊತ್ತಾಗುವಾಗ ಅವಳಿಗೆ 70 ದಾಟಿತ್ತು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಸರಿಯಾಗಿ ಗೊತ್ತಿಲ್ಲ.

ಇನ್ನು, ಏನು ಹಿಡಿಯಲಿ ಅಂತ ಕೇಳಿದಿರಿ. ಹೇಳುವುದಿಲ್ಲ. ಟೈಲರಿಂಗ್, ಮಲ್ಲಿಗೆ ಗಿಡ, ಯೋಗ ಅಂತ ನಾಲ್ಕು ಹೆಸರು ಬರೆಯಬಹುದು, ನೀವು ನಾಲ್ಕು ವಾರ ಮಾಡಿ ಬಿಡುತ್ತೀರಿ, ಆಮೇಲೆ 'ನೋಡಿ, ನನ್ನಲ್ಲಿ ಏನೂ ಇಲ್ಲ' ಅಂತ ಇನ್ನೊಂದು ಪತ್ರ ಬರೆಯುತ್ತೀರಿ. ಹುಚ್ಚು ಮೊದಲೇ ಬಂದು ಬಾಗಿಲು ತಟ್ಟುವುದಿಲ್ಲ. ನಮ್ಮ ಜಿಲ್ಲೆಯ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ, 2024ರಲ್ಲಿ ಪದ್ಮಶ್ರೀ ಬಂತು. ಶುರು ಮಾಡಿದ್ದು ರಾಜಕಯಮೆ ಎಂಬ ಒಂದು ತಳಿಯಿಂದ. ಭತ್ತದ ಬೀಜ ಡಬ್ಬದಲ್ಲಿಟ್ಟು ಮುಚ್ಚಿದರೆ ಉಳಿಯುವುದಿಲ್ಲ, ಹಳತಾದರೆ ಮೊಳಕೆ ಬರುವುದಿಲ್ಲ, ಮತ್ತೆ ಮತ್ತೆ ಬಿತ್ತುತ್ತಿರಬೇಕು, ಒಂದಕ್ಕೊಂದು ಬೆರೆಯದ ಹಾಗೆ ಕಾಯಬೇಕು. ಅವರು ಪಾಲಿಬ್ಯಾಗ್‌ಗಳಲ್ಲಿ ಬೆಳೆಸುತ್ತಾರೆ. ಹೊರಗಿನಿಂದ ನೋಡಿದರೆ ಅದೂ ಹಟ್ಟಿ ಕೆಲಸದ ಹಾಗೆ ದಿನಾ ಇರುವ ಚಾಕರಿಯೇ. ಮಾಡು ಅಂತ ಬೇರೆಯವರು ಹೇಳಿದ್ದಲ್ಲ, ಅಷ್ಟೇ ವ್ಯತ್ಯಾಸ.

ಹಾಗಾಗಿ ಮೊದಲು ಹೊತ್ತು ಕೇಳಿ. ವಾರಕ್ಕೆ ಎರಡು ಸಂಜೆ, ನಾಲ್ಕರಿಂದ ಏಳು. ಆ ಎರಡು ಸಂಜೆ ದನ ಕರೆಯುವುದು ಅವರ ಪಾಲು. ಆಟ ಇದ್ದರೆ ಬದಲಿ ಆಳನ್ನು ಹುಡುಕುವುದೂ ಅವರ ಪಾಲು, ವೇಷಕ್ಕೆ ಸಿಕ್ಕಿದ ಹಣದಲ್ಲೇ ಕೊಡಲಿ. ಏನು ಮಾಡುತ್ತೀ ಅಂತ ಕೇಳಿದರೆ 'ಗೊತ್ತಿಲ್ಲ' ಅನ್ನಿ. ಮನೆಯಲ್ಲಿ ಇರಬೇಡಿ, ಇದ್ದರೆ ಅಡಕೆ ಸುಲಿಯಲು ಕೂತುಬಿಡುತ್ತೀರಿ, ನನಗೆ ಗೊತ್ತು. ಸುಮ್ನೆ ಬಸ್ ಹತ್ತಿ. ಮೊದಲ ಒಂದೆರಡು ವಾರ ಬೇಜಾರಾಗುತ್ತದೆ, ಅಪರಾಧ ಮಾಡಿದ ಹಾಗೆ ಅನಿಸುತ್ತದೆ, ಆಗಲಿ.

ಮಲಯಾಳದ ವಿಷಯ. ಅದೇ ನಿಮ್ಮ ಹುಚ್ಚು ಅನ್ನಬೇಕು ಅಂತ ನನ್ನ ಬಾಯಿಗೆ ಬಂತು, ನುಂಗಿಕೊಂಡೆ. ಬರೀ ಕಾಗದದ ಅಗತ್ಯ ಇರಬಹುದು, ಅಲ್ವಾ? ಆದರೂ ಒಂದು ದಿನ ಮಂಜೇಶ್ವರಕ್ಕೆ ಹೋಗಿ ಗಿಳಿವಿಂಡು ನೋಡಿ ಬನ್ನಿ, ಕವಿ ಗೋವಿಂದ ಪೈಗಳ ಮನೆ. ಸಾಕು ಅನ್ನದೆ ಭಾಷೆಯ ಮೇಲೆ ಭಾಷೆ ಕಲಿಯುತ್ತಾ ಹೋದ ಮನುಷ್ಯ ಅವರು. ಹೋಗುವ ದಾರಿಯಲ್ಲಿ ಎಷ್ಟು ಬೋರ್ಡ್ ಓದಿದಿರಿ ಅಂತ ಲೆಕ್ಕ ಇಡಿ. ಲೆಕ್ಕ ಇಡುವುದೇ ಮರೆತುಹೋದರೆ ನನಗೆ ಬರೆಯಿರಿ.

ಪತ್ತನಾಜೆ ಬರಲಿ ಅಂತ ಕಾಯಬೇಡಿ. ನಾಳೆ ಅವರು ಬ್ಯಾಗ್ ತುಂಬುವ ಮೊದಲೇ ಕೇಳಿಬಿಡಿ, ಶನಿವಾರ ಸಂಜೆ ದನ ಕರೆಯುವುದು ಯಾರು ಅಂತ. ಅತ್ತೆ ಏನಾದರೂ ಗೊಣಗಿದರೆ ಉತ್ತರ ಕೊಡಲು ಹೋಗಬೇಡಿ. ಪಕ್ಕದಲ್ಲಿ ಕೂತು, ನಿಮಗೆ ಯಾವ ಪ್ರಸಂಗ ಇಷ್ಟ ಅತ್ತೆ, ಅಂತ ಕೇಳಿ ನೋಡಿ.