ಮನೆಯಲ್ಲಿ ಮಾಡಿದ ಬಿಯರ್ ಇಟ್ಟಷ್ಟೂ ರುಚಿ, ಬಾಡಿ ಎರಡೂ ಬರುತ್ತದಾ?

ಮೆಲ್ಬರ್ನ್‌ನಲ್ಲಿ ನೀವು ಮಾಡಿದ ಮೊದಲ ಬಿಯರ್ ಬಾಟಲಿಗೆ ಹಾಕಿ ಹತ್ತು ದಿನವಾಗಿದೆ, ಹಸಿ ಸೇಬಿನ ವಾಸನೆ ಬರುತ್ತಿದೆ, ಬಾಯಿಗಿಟ್ಟರೆ ನೀರು ನೀರು. ಮೂರು ತಿಂಗಳು ಇಟ್ಟರೆ ಎರಡೂ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ವಾಸನೆ ಬಹುಶಃ ಹೋಗುತ್ತದೆ. ನೀರುತನ, ಅಂದರೆ ಬಾಯಿ ತುಂಬುವ ಗಟ್ಟಿತನ (ಬಾಡಿ) ಇಲ್ಲದಿರುವುದು, ಹೋಗುವುದಿಲ್ಲ. ನೀರುಮಜ್ಜಿಗೆಯನ್ನು ಎಷ್ಟು ದಿನ ಇಟ್ಟರೂ ಮೊಸರಾಗುವುದಿಲ್ಲ ಅಲ್ವಾ, ಹಾಗೆ.

ನಾನು ಸಾಗರದವನು. ಅಮೆರಿಕದಲ್ಲಿದ್ದ ಆರು ವರ್ಷ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಿದ್ದೆ. ಊರಿಗೆ ಬಂದ ಮೇಲೆ ಬಿಟ್ಟೆ, ಇಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ನನ್ನ ದೊಡ್ಡ ಪಾತ್ರೆಯಲ್ಲಿ ಈಗ ಅಮ್ಮ ಹಪ್ಪಳಕ್ಕೆ ಹಲಸಿನ ತೊಳೆ ಬೇಯಿಸುತ್ತಾರೆ.

ಸೇಬಿನ ವಾಸನೆ ಅಸಿಟಾಲ್ಡಿಹೈಡ್‌ನದ್ದು. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವಾಗ ನಡುದಾರಿಯಲ್ಲಿ ಹುಟ್ಟುವ ವಸ್ತು ಅದು. ಯೀಸ್ಟ್ ಜೀವಂತ ಇದ್ದರೆ ಅದನ್ನೇ ಮತ್ತೆ ಎಳೆದುಕೊಂಡು ಕೆಲಸ ಮುಗಿಸುತ್ತದೆ. ಬೆಣ್ಣೆ ವಾಸನೆ ಕೊಡುವ ಡಯಾಸಿಟೈಲ್ ಕಥೆಯೂ ಹೆಚ್ಚುಕಡಿಮೆ ಇದೇ. ಹಾಗಾಗಿ ಬಾಟಲಿಗಳನ್ನು ಈಗಲೇ ಫ್ರಿಜ್ಜಿಗೆ ತಳ್ಳಬೇಡಿ, ಚಳಿಯಲ್ಲಿ ಯೀಸ್ಟ್ ಮಲಗಿಬಿಡುತ್ತದೆ. 20 ಡಿಗ್ರಿ ಆಸುಪಾಸಿನಲ್ಲಿ, ಕತ್ತಲಲ್ಲಿ, ಇನ್ನೆರಡು ಮೂರು ವಾರ ಬಿಡಿ. ಸೇಬಿನ ಜೊತೆ ವಿನೆಗರ್ ಹುಳಿಯೂ ಇದ್ದರೆ ಮಾತ್ರ ಕಾಯುವುದು ದಂಡ, ಒಳಗೆ ಬೇರೇನೋ ಸೇರಿಕೊಂಡಿದೆ.

ಇನ್ನು ಬಾಡಿ. ಅದು ನಿರ್ಧಾರವಾಗುವುದು ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಿನಲ್ಲಿ ನೆನೆಹಾಕುವ ಆ ಒಂದು ಗಂಟೆಯಲ್ಲಿ. ನೀರು 64-65 ಡಿಗ್ರಿ ಇದ್ದರೆ ಪಿಷ್ಟದ ಬಹುಪಾಲು ಯೀಸ್ಟ್ ತಿನ್ನುವಂಥ ಸಕ್ಕರೆಯಾಗಿ ಬಿಯರ್ ತೆಳ್ಳಗಾಗುತ್ತದೆ. 68-69ಕ್ಕೆ ಏರಿಸಿದರೆ ಡೆಕ್ಸ್ಟ್ರಿನ್ ಅನ್ನುವ ಅರ್ಧ ಒಡೆದ ಪಿಷ್ಟ ಜಾಸ್ತಿ ಉಳಿಯುತ್ತದೆ, ಅದನ್ನು ಮಾಮೂಲಿ ಯೀಸ್ಟ್ ಮುಟ್ಟುವುದಿಲ್ಲ, ಬಾಯಿ ತುಂಬಿದ ಹಾಗೆ ಅನಿಸುವುದು ಹೆಚ್ಚಾಗಿ ಅದರಿಂದಲೇ. ಮುಂದಿನ ಸಲ ಸ್ವಲ್ಪ ಓಟ್ಸ್ ಕೂಡ ಹಾಕಿ ನೋಡಿ.

ಆದರೂ ‘ಇಟ್ಟ ಮೇಲೆ ನನ್ನ ಬಿಯರ್ ತುಂಬಿಕೊಂಡಿತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ದಿನ ಕಳೆದ ಹಾಗೆ ಹಾಪ್ಸ್‌ನ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು) ಕಹಿ ಇಳಿಯುತ್ತದೆ, ಒಗರಿನ ಅಂಶ ಪ್ರೋಟೀನ್ ಜೊತೆ ಅಂಟಿಕೊಂಡು ತಳಕ್ಕೆ ಕೂರುತ್ತದೆ, ಆಗ ಅಡಗಿದ್ದ ಸಿಹಿ ಮುಂದೆ ಬಂದು ದುಂಡಗೆ ಅನಿಸುತ್ತದೆ. ಇದ್ದದ್ದು ಅಷ್ಟೇ ಇದೆ, ಗಲಾಟೆ ಕಡಿಮೆಯಾಗಿದೆ. ಕಾಡು ಯೀಸ್ಟ್ ಸೇರಿದ್ದರೆ ಉಲ್ಟಾ. ಅದು ಡೆಕ್ಸ್ಟ್ರಿನ್ನನ್ನೂ ತಿಂದು ಬಿಯರ್ ಇನ್ನೂ ತೆಳ್ಳಗಾಗಿ, ಗ್ಯಾಸ್ ಏರುತ್ತಾ ಹೋಗುತ್ತದೆ. ಒಂದು ರಾತ್ರಿ ಗ್ಯಾರೇಜಿನಲ್ಲಿ ಬಾಟಲಿ ಸಿಡಿದಾಗ ನಾನು ನಿದ್ದೆಗಣ್ಣಲ್ಲಿ, ತೋಟಕ್ಕೆ ಬಂದ ಹಂದಿಗೆ ಯಾರೋ ಈಡು ಹೊಡೆದರು ಅಂತಲೇ ಎದ್ದಿದ್ದೆ.

ಎಲ್ಲ ಬಿಯರೂ ಇಡುವಂಥದ್ದಲ್ಲ. ನಮ್ಮಲ್ಲಿ ಅಪ್ಪೆಹುಳಿ ಆವತ್ತೇ ಕುಡಿದು ಮುಗಿಸಬೇಕು, ಅದೇ ಅಪ್ಪೆಮಿಡಿ ಉಪ್ಪಿನಕಾಯಿ ವರ್ಷ ದಾಟಿದರೂ ಸೈ. ಗೋಧಿ ಬಿಯರ್, ಹಾಪ್ಸ್ ಜಾಸ್ತಿ ಹಾಕಿದ ಐಪಿಎ (ಇಂಡಿಯಾ ಪೇಲ್ ಏಲ್) ಅಪ್ಪೆಹುಳಿ ಜಾತಿ, ತಾಜಾ ಪರಿಮಳ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಆಲ್ಕೋಹಾಲ್ 8 ಪರ್ಸೆಂಟ್ ದಾಟಿದ ಕಪ್ಪು ಸ್ಟೌಟ್, ಬಾರ್ಲಿ ವೈನ್ (ಹೆಸರು ವೈನ್, ಆದರೆ ಸ್ಟ್ರಾಂಗ್ ಬಿಯರ್) ಮಿಡಿ ಜಾತಿ.

ಆದರೆ ಮಿಡಿಯನ್ನೂ ಬಿಸಿಲಿಗಿಟ್ಟರೆ ಕೆಟ್ಟಿತು. ವಾಪಸ್ ಬರುವಾಗ ನನ್ನ 10 ಪರ್ಸೆಂಟಿನ ಬಾರ್ಲಿ ವೈನ್ ನಾಲ್ಕು ಬಾಟಲಿ ಸೂಟ್‌ಕೇಸಿನಲ್ಲಿ ತಂದಿದ್ದೆ. ಎರಡು ಬಾಟಲಿ ಸೂಟ್‌ಕೇಸಿನಲ್ಲೇ ಉಳಿದು ಹೆಂಚಿನ ಕೆಳಗಿನ ಅಟ್ಟ ಸೇರಿದವು, ಇನ್ನೆರಡು ಉಗ್ರಾಣದಲ್ಲಿ ಅಕ್ಕಿ ಡ್ರಮ್ಮಿನ ಹಿಂದೆ. ಒಂದು ವರ್ಷದ ಮೇಲೆ ತೆಗೆದೆ. ಏಪ್ರಿಲ್ ಮಧ್ಯಾಹ್ನ ಆ ಅಟ್ಟದಲ್ಲಿ ನಿಲ್ಲಲಾಗುವುದಿಲ್ಲ, ಬಿಯರ್ ಪಾಡು ಕೇಳಬೇಡಿ. ಮಳೆಗಾಲದಲ್ಲಿ ಒದ್ದೆಯಾದ ಪೇಪರ್ ಕಟ್ಟಿನ ವಾಸನೆ, ಆಮೇಲೆ ಸೋಯಾ ಸಾಸ್ ರುಚಿ. ಮೊದಲನೆಯದು ಆಮ್ಲಜನಕ ಮತ್ತು ಸೆಕೆಯ ಕೆಲಸ, ಎರಡನೆಯದು ಸತ್ತು ಒಡೆದ ಯೀಸ್ಟಿನದು. ಉಗ್ರಾಣದ್ದು ಖರ್ಜೂರ, ಜೋನಿಬೆಲ್ಲ ನೆನಪಿಸುವ ಹಾಗಿತ್ತು, ಆಲ್ಕೋಹಾಲಿನ ಉರಿ ಮಾಯ. ನೊರೆ ಮಾತ್ರ ಹೆಸರಿಗೂ ಇರಲಿಲ್ಲ.

ನಿಮ್ಮದು 5 ಪರ್ಸೆಂಟಿನ ತಿಳಿ ಬಿಯರ್ ಅಂತ ಬರೆದಿದ್ದೀರಿ. ಮೂರು ತಿಂಗಳು ಕಾಯಬೇಡಿ. ವಾರಕ್ಕೊಂದು ಬಾಟಲಿ ಮಾತ್ರ ತಣ್ಣಗೆ ಮಾಡಿ ತೆಗೆದು ನೋಡಿ, ಸೇಬು ಕಾಣೆಯಾದ ವಾರವೇ ಸ್ನೇಹಿತರನ್ನು ಕರೆದುಬಿಡಿ.