ಮೂರನೇ ವಾರದ ಪ್ರಶ್ನೆ: ವಾಪಸ್ ಬಂದುಬಿಡಲಾ?

ಈ ಹುಡುಗನ ಹೆಸರು, ಓದುವ ವಿಷಯ, ಹೋದ ದೇಶ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆಯಿದೆ. ವಯಸ್ಸು 23. ಸ್ನಾತಕೋತ್ತರ ಓದಿಗೆಂದು ಪಶ್ಚಿಮದ ದೇಶಕ್ಕೆ ಹೋಗಿ ಮೂರನೇ ವಾರ. ಆಪ್ತಸಲಹೆಗೆಂದು ನನ್ನ ಜೊತೆ ಆನ್‌ಲೈನ್ ಭೇಟಿಗೆ ಸಮಯ ಕೇಳುವಾಗ ಕಾರಣದ ಜಾಗದಲ್ಲಿ ಬರೆದದ್ದು ಒಂದೇ ಸಾಲು: "ವಾಪಸ್ ಬರೋದು ಸರಿಯಾ ತಪ್ಪಾ, ನೀವೇ ಹೇಳಿ."

ಮೊದಲ ಭೇಟಿಯಲ್ಲಿ ಅವನು ಹೇಳಿದ್ದೆಲ್ಲ ಇಂಥ ಸ್ಥಿತಿಯಲ್ಲಿ ಕೇಳಿಬರುವಂಥದ್ದೇ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆಯಿಲ್ಲ. ಮಧ್ಯಾಹ್ನ ತರಗತಿಯಲ್ಲಿ ತೂಕಡಿಕೆ. ಹಂಚಿಕೊಂಡ ಅಡುಗೆಮನೆಗೆ ಯಾರೂ ಇಲ್ಲದ ಹೊತ್ತು ನೋಡಿ ಹೋಗುತ್ತಾನೆ, ಹಾಗಾಗಿ ದಿನಕ್ಕೊಂದೇ ಊಟ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾನೆ. ಆದರೆ ಅವನನ್ನು ನಿಜವಾಗಿ ಹೆದರಿಸಿದ್ದು ಈ ಅಳು ಅಲ್ಲ, ಮೊಬೈಲಿನಲ್ಲಿ ನೋಡಿದ ಒಂದು ನಕ್ಷೆ. ಪರದೇಶಕ್ಕೆ ಹೋದವರಿಗೆ ಮೊದಲು ಸಂಭ್ರಮ, ಕೆಲವು ತಿಂಗಳಾದ ಮೇಲೆ ಕುಸಿತ, ಆಮೇಲೆ ಚೇತರಿಕೆ ಎಂದು ತೋರಿಸುವ ಇಂಗ್ಲಿಷಿನ 'ಯು' ಆಕಾರದ ಗೆರೆ. "ನನಗೆ ಆ ಸಂಭ್ರಮದ ಹಂತವೇ ಬರಲಿಲ್ಲ ಮೇಡಂ. ಮೊದಲ ದಿನದಿಂದಲೇ ಹೀಗೆ. ಕುಸಿತ ಇನ್ನೂ ಮುಂದಿದೆ ಅಂದ್ರೆ ನಾನು ಉಳೀತೀನಾ?"

ಆ ಗೆರೆಯ ಹಿನ್ನೆಲೆಯನ್ನು ಹೇಳುವುದು ಅವತ್ತು ಸಮಾಧಾನ ಹೇಳುವುದಕ್ಕಿಂತ ಮುಖ್ಯವಾಗಿತ್ತು. 1955ರಲ್ಲಿ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ, ಅಮೆರಿಕದಲ್ಲಿ ಇದ್ದು ಬಂದ ನಾರ್ವೆ ದೇಶದವರನ್ನು ವಿಚಾರಿಸಿ ಇದನ್ನು ಮಂಡಿಸಿದ್ದು. ಅವರೆಲ್ಲ ವಿದ್ಯಾರ್ಥಿವೇತನದ ಮೇಲೆ ಹೋದವರು. ಒಬ್ಬೊಬ್ಬರು ಅಲ್ಲಿ ಇದ್ದ ಅವಧಿ ಬೇರೆ ಬೇರೆ, ಒಬ್ಬರನ್ನೇ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡಿದ್ದಲ್ಲ. 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದಿಳಿದ ಹೊತ್ತಿನಿಂದ ಒಂದು ವರ್ಷದವರೆಗೆ ಮತ್ತೆ ಮತ್ತೆ ಕೇಳಿ ನೋಡಿದಾಗ ಸಿಕ್ಕಿದ್ದು ಬೇರೆಯೇ ಚಿತ್ರ: ಹೊಂದಾಣಿಕೆಯ ಕಷ್ಟ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ಬಂದಿಳಿದ ಹೊತ್ತಿನಲ್ಲೇ, ಆಮೇಲೆ ಅದು ತಗ್ಗಿತ್ತು. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದ್ರೆ ನಾನು ಕೆಟ್ಟು ಹೋಗಿಲ್ಲ" ಅಂದ. ಅಂತರ್ಜಾಲದ ನಕ್ಷೆಗಳು ಜನರನ್ನು ಎಷ್ಟು ಸಲೀಸಾಗಿ ರೋಗಿಗಳನ್ನಾಗಿ ಮಾಡಿಬಿಡುತ್ತವೆ!

ನಿದ್ದೆಯ ವಿಷಯಕ್ಕೆ ಬಂದೆ. ದೇಹದ ಗಡಿಯಾರ ಹೊಸ ಜಾಗಕ್ಕೆ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಸರಿಯುತ್ತದೆ. ಪಶ್ಚಿಮಕ್ಕೆ ಹೋದವರಿಗೆ ಇನ್ನೂ ಸ್ವಲ್ಪ ಬೇಗ. ಅವನಿದ್ದಲ್ಲಿಗೂ ಮನೆಗೂ ಸುಮಾರು ಹತ್ತು ಗಂಟೆಯ ಅಂತರ, ಅಂದರೆ ಇಷ್ಟರಲ್ಲಿ ಜೆಟ್ ಲ್ಯಾಗ್ ಮುಗಿದಿರಬೇಕಿತ್ತು. ಮುಗಿಯದಿರಲು ಕಾರಣ ಅವನ ರಾತ್ರಿಯ ವಿವರದಲ್ಲಿ ಸಿಕ್ಕಿತು. ಒಂಬತ್ತಕ್ಕೆ ಮನೆಯಲ್ಲಿ ಬೆಳಗ್ಗೆ ಸುಮಾರು ಏಳು, ವೀಡಿಯೊ ಕಾಲ್ ಶುರು. ನಡುರಾತ್ರಿಯ ತನಕ ಕಾಲ್ ಹಾಗೇ ಇರುತ್ತದೆ. "ಮಾತೇನಿಲ್ಲ. ಅಮ್ಮ ಅವರ ಪಾಡಿಗೆ ಕೆಲಸ ಮಾಡ್ತಿರ್ತಾರೆ, ನಾನು ನೋಡ್ತಿರ್ತೀನಿ." ಮೂರಕ್ಕೆ ಎಚ್ಚರವಾದರೆ ಮನೆಯಲ್ಲಿ ಮಧ್ಯಾಹ್ನ ಸುಮಾರು ಒಂದು ಗಂಟೆ, ಮತ್ತೆ ಕಾಲ್. ಎಚ್ಚರವಾದಾಗಲೆಲ್ಲ ಅಮ್ಮ ಸಿಗುತ್ತಾರೆ ಅಂದಮೇಲೆ ದೇಹ ಆ ಎಚ್ಚರವನ್ನು ಯಾಕೆ ಬಿಟ್ಟೀತು?

ಅದಕ್ಕಿಂತ ಭಾರದ್ದು ಇನ್ನೊಂದಿತ್ತು. ಆ ಕಾಲ್‌ಗಳಲ್ಲಿ ಅವನು ಒಂದೂ ನಿಜ ಹೇಳಿರಲಿಲ್ಲ. ಕೋಣೆಯ ಒಂದು ಮೂಲೆಯನ್ನು ಚೊಕ್ಕಟವಾಗಿಟ್ಟುಕೊಂಡು ಅಲ್ಲೇ ಕೂತು ಮಾತಾಡುವುದು. ಊಟ ಆಯ್ತು, ಗೆಳೆಯರು ಸಿಕ್ಕಿದ್ದಾರೆ, ಪಾಠ ಅರ್ಥವಾಗುತ್ತಿದೆ ಎನ್ನುವುದು. ಶಿಕ್ಷಣ ಸಾಲದ ಪತ್ರಕ್ಕೆ ಅಪ್ಪನ ಸಹಿ ಇದೆ. "ಅವರು ನನಗೋಸ್ಕರ ಇಷ್ಟು ಮಾಡಿರುವಾಗ ಚೆನ್ನಾಗಿಲ್ಲ ಅಂತ ಹೇಗೆ ಹೇಳ್ಲಿ?" ಮನೆಯ ನೆನಪು ಕಾಡುತ್ತದೆ ಎಂದು ಬಂದವನ ದಣಿವಿನಲ್ಲಿ ಅರ್ಧಪಾಲು ಈ ನಟನೆಯದ್ದು ಅಂತ ನನಗನ್ನಿಸಿತು. ಮೂರು ಗಂಟೆ ಕಾಲ್ ಮುಗಿಸಿದ ಮೇಲೆ ಅವನು ಮೊದಲಿಗಿಂತ ಒಂಟಿಯಾಗುತ್ತಿದ್ದ.

ಮೊದಲ ತಿಂಗಳು ಮನೆಗೆ ಫೋನೇ ಮಾಡಬೇಡ, ತಾನಾಗಿ ಗಟ್ಟಿಯಾಗುತ್ತೀಯ ಎಂದು ಅವನ ಸೀನಿಯರ್ ಒಬ್ಬರು ಹೇಳಿದ್ದರಂತೆ. ನಾನು ಇದನ್ನು ಒಪ್ಪುವುದಿಲ್ಲ. ಕಾಲ್ ಇರಲಿ, ಅದಕ್ಕೊಂದು ಗಡಿ ಇರಲಿ ಎಂದೆ: ರಾತ್ರಿ ಒಂಬತ್ತರಿಂದ ಒಂಬತ್ತೂವರೆ. ಆಮೇಲೆ ಫೋನು ಹಾಸಿಗೆಯಿಂದ ದೂರ, ಮೇಜಿನ ಮೇಲೆ ಚಾರ್ಜಿಗೆ. ನಡುರಾತ್ರಿ ಎಚ್ಚರವಾಗಿ ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು, ಮಂದ ಬೆಳಕಿನಲ್ಲಿ ಕುರ್ಚಿಯಲ್ಲಿ ಕೂತು ಏನಾದರೂ ಓದುವುದು, ನಿದ್ದೆ ತೂಗಿದಾಗ ಮಾತ್ರ ಮಲಗುವುದು. ಏಳುವ ಹೊತ್ತು ರಜೆಯ ದಿನವೂ ಒಂದೇ. ಸಂಜೆ ಬೆಳಕಿರುವಾಗ ಹೊರಗೆ ನಡೆಯುವುದು, ಏಕೆಂದರೆ ಸಂಜೆಯ ಬೆಳಕು ದೇಹದ ಗಡಿಯಾರವನ್ನು ಹಿಂದಕ್ಕೆ ಸರಿಸುತ್ತದೆ, ಅಂದರೆ ನಿದ್ದೆಯೂ ಎಚ್ಚರವೂ ತಡವಾಗುತ್ತವೆ, ಅಷ್ಟು ಬೇಗ ಎಚ್ಚರವಾಗುವವರಿಗೆ ಬೇಕಾದದ್ದು ಅದೇ.

ಮತ್ತೆ, ಪ್ರತಿ ಕಾಲ್‌ನಲ್ಲೂ ಅಮ್ಮನಿಗೆ ಒಂದು ನಿಜ ಹೇಳಬೇಕು. ದೊಡ್ಡದೇನೂ ಬೇಡ. "ಇವತ್ತು ಒಬ್ಬನೇ ಊಟ ಮಾಡಿದೆ" ಅಂದರೂ ಸಾಕು.

ತಾಯಿಯ ಜೊತೆ ಮಾತಾಡಲು ಅವನೇ ಕೇಳಿಕೊಂಡ. ಎರಡನೇ ಭೇಟಿಯ ಕೊನೆಯ ಕಾಲು ಗಂಟೆ ಅವರಿದ್ದರು. ಅವನ ನಡುರಾತ್ರಿಯ ಕಾಲ್ ಎತ್ತಬೇಡಿ ಅಂದಾಗ ಅವರ ಮುಖ ಬಾಡಿತು: "ಎತ್ತದೆ ಇದ್ದಾಗ್ಲೇ ಅವನಿಗೇನಾದ್ರೂ ಆದ್ರೆ?" ನ್ಯಾಯವಾದ ಭಯ. ಬೆನ್ನಿಗೆ ಬೆನ್ನು ಎರಡು ಸಲ ವೀಡಿಯೊ ಇಲ್ಲದ ಮಾಮೂಲಿ ಕರೆ ಬಂದರೆ ತುರ್ತು ಎಂದರ್ಥ, ಯಾವ ಹೊತ್ತಿನಲ್ಲಾದರೂ ಎತ್ತುವುದು ಎಂದು ಮೂವರೂ ಮಾತು ಮಾಡಿಕೊಂಡೆವು. ಮಗ ಮುಚ್ಚಿಟ್ಟದ್ದನ್ನು ಹೇಳಲು ತಡವರಿಸುತ್ತಿದ್ದಾಗ ಅವರೇ ಅಂದರು: "ದಿನಾ ಅದೇ ಗೋಡೆ, ಅದೇ ಕುರ್ಚಿ ತೋರಿಸ್ತಿದ್ದೆ. ನನಗೆ ಗೊತ್ತಾಗಲ್ವೇನೋ?"

ಗೆಳೆಯರ ವಿಷಯದಲ್ಲಿ ನನ್ನ ಸಲಹೆ ಅವನಿಗೆ ವಿಚಿತ್ರವೆನಿಸಿತು. ಗೆಳೆತನ ಮಾಡಲು ಹೊರಡಬೇಡಿ, ತರಗತಿಯಲ್ಲಿ ದಿನವೂ ಒಂದೇ ಜಾಗದಲ್ಲಿ ಕೂರಿ ಎಂದೆ. 1992ರಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬ ಸಂಶೋಧಕರು ನಾಲ್ವರು ಯುವತಿಯರನ್ನು ಒಂದು ಕಾಲೇಜು ತರಗತಿಯಲ್ಲಿ ಮಾಡುವ ಪ್ರಯೋಗಕ್ಕೆ ಆರಿಸಿಕೊಂಡರು. ಒಬ್ಬಾಕೆ ತರಗತಿಗೆ ಹೋಗಲೇ ಇಲ್ಲ. ಉಳಿದವರು 5, 10, 15 ಸಲ ಹೋಗಿ, ಯಾರೊಡನೆಯೂ ಮಾತಾಡದೆ ಕೂತು ಬಂದರು. ಕೊನೆಗೆ ವಿದ್ಯಾರ್ಥಿಗಳಿಗೆ ನಾಲ್ವರ ಚಿತ್ರ ತೋರಿಸಿದಾಗ, ಹೆಚ್ಚು ಸಲ ಬಂದವಳೇ ಹೆಚ್ಚು ಇಷ್ಟವಾಗಿದ್ದಳು. ಕಂಡ ಮುಖವಾಗುವುದೇ ಅರ್ಧ ಕೆಲಸ. ಸಂಕೋಚದವರಿಗೆ ಇಷ್ಟು ಅನುಕೂಲದ ಸುದ್ದಿ ಮತ್ತೊಂದಿಲ್ಲ. ಅಡುಗೆಮನೆಗೂ ಅದೇ ಸೂತ್ರ: ಜನರಿರುವ ಹೊತ್ತಿಗೇ ಹೋಗುವುದು, ಮಾತು ಬಂದರೆ ಬರಲಿ. ಪಾಠದ ವೇಗ ಹಿಡಿಯಲಾಗದ್ದಕ್ಕೆ, ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆಂದು ಮೀಸಲಿಡುವ ವೇಳೆಯಲ್ಲಿ ಒಂದು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಲು ಹೇಳಿದೆ.

ಸಾಯಬೇಕು ಅನ್ನಿಸಿದ್ದುಂಟೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದ್ದೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇಲ್ಲ ಎಂದಿದ್ದ. ಆದರೂ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರ ಮತ್ತು ಅಲ್ಲಿನ ತುರ್ತು ಸೇವೆಯ ಸಂಖ್ಯೆಗಳನ್ನು ನನ್ನೆದುರೇ ಫೋನಿನಲ್ಲಿ ಸೇರಿಸಿಸಿದೆ. ಪರದೆಯ ಈಚೆ ಕೂತ ನಾನು ಅವನ ಬಾಗಿಲು ತಟ್ಟಲಾರೆ. ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಬಿಡದೆ ಇದ್ದರೆ ನನ್ನ ಮುಂದಿನ ಭೇಟಿಗೆ ಕಾಯದೆ ಅಲ್ಲಿನ ವೈದ್ಯರನ್ನು ಕಾಣಬೇಕು ಎಂದೂ ಹೇಳಿದೆ.

ಇನ್ನು ಅವನ ಮೂಲ ಪ್ರಶ್ನೆ. ಸರಿಯೋ ತಪ್ಪೋ ನಾನು ಹೇಳಲಿಲ್ಲ. ನಿದ್ದೆಗೆಟ್ಟವನು ಇಷ್ಟು ದೊಡ್ಡ ತೀರ್ಮಾನ ಮಾಡಬಾರದು, ಮೊದಲ ಪರೀಕ್ಷೆಯ ತನಕ ಮುಂದೂಡಿ ಎಂದೆ. ಆದರೆ ಕಣ್ಣು ಮುಚ್ಚಿಕೊಂಡು ಮುಂದೂಡುವಂತಿಲ್ಲ. ಯಾವ ದಿನಾಂಕದೊಳಗೆ ಬಿಟ್ಟರೆ ಶುಲ್ಕ ಎಷ್ಟು ವಾಪಸು ಬರುತ್ತದೆ, ಒಂದು ಅವಧಿಗೆ ರಜೆ ಪಡೆಯಬಹುದೇ, ಪಡೆದರೆ ವೀಸಾ ಏನಾಗುತ್ತದೆ ಎಂಬುದನ್ನು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಲು ಹೇಳಿದೆ. ಬಾಗಿಲು ಎಲ್ಲಿದೆ ಎಂದು ತಿಳಿದ ಮೇಲೆ ಕೋಣೆಯಲ್ಲಿ ಕೂರುವುದು ಅವನಿಗೆ ಸುಲಭವಾಯಿತು.

ನಾಲ್ಕನೇ ಭೇಟಿಯ ಹೊತ್ತಿಗೆ ನಿದ್ದೆ ಬಹುಮಟ್ಟಿಗೆ ಸರಿಯಾಗಿತ್ತು. ಪಕ್ಕದ ಸೀಟಿನವನು ಟಿಪ್ಪಣಿ ಕೇಳಿದ್ದನಂತೆ. ವಾಪಸ್ ಹೋಗುವ ಮಾತು ಬರಲಿಲ್ಲ. ಬಂದದ್ದು ಸಾಲದ ಮಾತು, ಅದು ಒಂದಿಷ್ಟೂ ಹಗುರವಾಗಿರಲಿಲ್ಲ. ಅದಕ್ಕೆ ನನ್ನ ಬಳಿ ಮದ್ದಿಲ್ಲ. ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡಲು ವೀಸಾ ಬಿಡುತ್ತದೆ ಎಂದು ಅದೇ ಕಚೇರಿಯಲ್ಲಿ ವಿಚಾರಿಸಿ, ಕಂತು ಶುರುವಾಗುವ ದಿನಾಂಕವನ್ನು ಅಪ್ಪನಿಂದ ತಿಳಿದುಕೊಂಡು ಬರಲು ಹೇಳಿದ್ದೇನೆ. ಅಪ್ಪನ ಜೊತೆ ಈವರೆಗೆ ಸಾಲದ ಬಗ್ಗೆ ಅವನು ಮಾತೇ ಆಡಿಲ್ಲ. ಮುಂದಿನ ಭೇಟಿ ಅದರಿಂದಲೇ ಶುರುವಾಗಬೇಕು.