ಕಾಟವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಆರನೇ ತರಗತಿಯ ಟೀಚರ್. 'ನಿಮಗೆ ಯಾರಾದರೂ ಕಾಟ ಕೊಡ್ತಾರಾ?' ಅಂತ ಚೀಟಿ ಬರೆಸಿದೆ. ಮುಕ್ಕಾಲು ತರಗತಿ 'ಹೌದು' ಅಂದಿದೆ! ನಂಬಬಹುದಾ?

ಉತ್ತರ: ಮಕ್ಕಳನ್ನು ನಂಬಿ, ನಿಮ್ಮ ಪ್ರಶ್ನೆಯನ್ನು ಮಾತ್ರ ನಂಬಬೇಡಿ. ಕಾಟ ಅಂದರೆ ಒಬ್ಬರಿಗೆ ಪೆನ್ಸಿಲ್ ಕಿತ್ತುಕೊಂಡದ್ದು, ಇನ್ನೊಬ್ಬರಿಗೆ ದಿನಾ ಬೀಳುವ ಏಟು. ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್ ಅವರ ಪ್ರಶ್ನಾವಳಿ ಮೊದಲು ಅರ್ಥ ಹೇಳಿಬಿಡುತ್ತದೆ: ಬೇಕಂತಲೇ ಮಾಡಿದ್ದು, ಮತ್ತೆ ಮತ್ತೆ ಆಗಿದ್ದು, ಎದುರಿಸಿ ನಿಲ್ಲಲು ಆ ಮಗುವಿಗೆ ಕಷ್ಟವಾದದ್ದು. ಆಮೇಲೆ ಈಚಿನ ಒಂದೆರಡು ತಿಂಗಳಲ್ಲಿ ಎಷ್ಟು ಸಲ ಅಂತ ಕೇಳುತ್ತದೆ, ತಿಂಗಳಿಗೆ 2-3 ಸಲ ಅಥವಾ ಅದಕ್ಕಿಂತ ಜಾಸ್ತಿ ಅಂದವರನ್ನೇ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ಚೀಟಿಯಲ್ಲಿ ಹೆಸರು ಬೇಡ. ಕಾಟ ಕೊಡುವವನೇ ಪಕ್ಕದಲ್ಲಿ ಕೂತಿದ್ದರೆ ಯಾರು ನಿಜ ಬರೆಯುತ್ತಾರೆ, ಅಲ್ವಾ?

ಗೆಳೆತನ ತಿಳಿಯಬೇಕಾದರೆ ದಾರಿ ಬೇರೆ. 'ಯಾರ ಜೊತೆ ಆಡಲು ಇಷ್ಟ? ಮೂರು ಹೆಸರು ಬರೆ' ಅನ್ನಿ. ಇದು 1930ರ ದಶಕದಲ್ಲಿ ಮನೋವೈದ್ಯ ಜೇಕಬ್ ಮೊರೆನೊ ಬೆಳೆಸಿದ ಸೋಶಿಯೋಮೆಟ್ರಿ, ಅಂದರೆ ಗುಂಪಿನಲ್ಲಿ ಯಾರಿಗೆ ಯಾರು ಇಷ್ಟ ಅಂತ ತಿಳಿಯುವ ವಿಧಾನ. ಇಲ್ಲಿ ಹೆಸರು ಬೇಕೇ ಬೇಕು, ಹಾಗಾಗಿ ಚೀಟಿಗಳನ್ನು ಬೀಗ ಹಾಕಿಡಿ. ಯಾರೂ ಹೆಸರಿಸದ ಮಗುವಿಗೆ ಕಾಟ ಆಗುತ್ತಿದೆ ಅಂತ ಸುಮ್ನೆ ತೀರ್ಮಾನಿಸಬೇಡಿ. ಕೆಲವರಿಗೆ ಒಬ್ಬರೇ ಇರುವುದು ಇಷ್ಟ.